ಸೇತುವೆ ಮೇಲಿನ ಗಿಡ ತೆಗೆಸಿ

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಸಂದುಗಳಲ್ಲಿ ಗಿಡಗಳು ಬೇರು ಬಿಟ್ಟಿವೆ. ದಿವಾನ್ ಪೂರ್ಣಯ್ಯ ಅವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಸೇತುವೆ ಇದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನದೇ ತೊಲೆ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗಲೆಲ್ಲ ಕಾವೇರಿಯ ಹೊಡೆತ ತಿಂದೂ ನಿಂತಿದೆ. ಆದರೆ ಬೇರು ಸುಮ್ನೆ ಇರುವುದಿಲ್ಲ, ಅಲ್ವಾ? ಸಂದು ಬಿರಿಯುತ್ತಲೇ ಹೋಗುತ್ತದೆ.

ನಮ್ಮ ಪಾಲಿಗೆ ಇದು ಬರೀ ಸ್ಮಾರಕವಲ್ಲ. ಸಂಜೆ ಗಾಳಿಗೆ ಬಂದು ನಿಲ್ಲುವ, ಮೊಮ್ಮಕ್ಕಳಿಗೆ ಹೊಳೆ ತೋರಿಸುವ ಜಾಗ. ಮಳೆಗಾಲಕ್ಕೆ ಮೊದಲೇ ಗಿಡಗಳನ್ನು ಬೇರುಸಹಿತ ತೆಗೆಸಬೇಕು. ಮೇಲಷ್ಟೇ ಕಡಿದರೆ ಮತ್ತೆ ಚಿಗುರುತ್ತವೆ. ಹಳೆಯ ಕಲ್ಲುಕಟ್ಟಡದ ಕೆಲಸ ಬಲ್ಲವರಿಂದಲೇ ಇದನ್ನು ಮಾಡಿಸಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಿಸಲಿ.

– ಓದುಗ, ಶ್ರೀರಂಗಪಟ್ಟಣ