ಟೇಬಲ್ ಸಾ ಕೊಳ್ಳುವವರು ಮೊದಲು ಬ್ಲೇಡಿನ ಹಿಂದೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಮರಗೆಲಸ ಮಾಡುವ ಗುಬ್ಬಿ ಕಡೆಯ ಹುಡುಗನೊಬ್ಬನ ಬಗ್ಗೆ ಬರೆದಿದ್ದಿರಿ. ಓದಿ ಖುಷಿಯಾಯಿತು. ಹಲಸಿನ ಹಲಗೆಯಲ್ಲಿ ಅವನು ಮಾಡಿದ ಸ್ಟೂಲಿನ ಕೀಲುಗಳು ಬಿಗಿಯಾಗಿ ಕೂತಿವೆ, ಕೈಯಲ್ಲಿ ಹದ ಇದೆ ಹುಡುಗನಿಗೆ. ಆದರೆ ಪಕ್ಕದ ಫೋಟೋ ನೋಡಿ ಎದೆ ಧಸಕ್ಕೆಂದಿತು. ಪ್ಲೈವುಡ್ ಮೇಜಿನ ಅಡಿಗೆ ಕಲ್ಲು, ಟೈಲ್ಸ್ ಕುಯ್ಯುವ ಮಾರ್ಬಲ್ ಕಟರನ್ನು ತಲೆಕೆಳಗಾಗಿ ಬಿಗಿದಿದ್ದಾನೆ, ಸೀಳಿನಲ್ಲಿ ಬ್ಲೇಡ್ ಮೇಲೆ ಬಂದಿದೆ. ಅದರ ಮೇಲೆ ಮುಚ್ಚಳ ಇಲ್ಲ, ಹಿಂದೆ ಏನೂ ಇಲ್ಲ. ಅವನ ಹೆಬ್ಬೆರಳಿಗೂ ಬ್ಲೇಡಿಗೂ ನಾಲ್ಕು ಬೆರಳಿನ ಅಂತರ ಇದ್ದರೆ ಹೆಚ್ಚು. ಕೆಳಗೆ ‘ಕಡಿಮೆ ಖರ್ಚಿನ ಟೇಬಲ್ ಸಾ’ ಎಂದು ಹಾಕಿದ್ದೀರಿ. ಟೇಬಲ್ ಸಾ ಅಂದರೆ ಮೇಜಿನ ಸೀಳಿನಿಂದ ಮೇಲೆ ಬಂದು ತಿರುಗುವ ಬ್ಲೇಡಿಗೆ ಮರ ತಳ್ಳಿ ಕುಯ್ಯುವ ಮಷೀನ್. ಅದನ್ನು ನೋಡಿ ಇನ್ನೆಷ್ಟು ಮನೆಗಳಲ್ಲಿ ಹಾಗೇ ಕಟ್ಟಿಕೊಳ್ಳುತ್ತಾರೋ ಅನ್ನೋ ಭಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಾನೂ ಅದನ್ನೇ ಕಟ್ಟಿಕೊಂಡಿದ್ದೆ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಮಷೀನ್ ಆಪರೇಟರ್, ಮನೆ ಕ್ಯಾತಸಂದ್ರದಲ್ಲಿ. ಹಿತ್ತಿಲಲ್ಲಿ ಮುಂಚೆ ಹಸು ಕಟ್ಟುತ್ತಿದ್ದ ಶೀಟಿನ ಕೊಟ್ಟಿಗೆ ಇದೆ, ವಾರದ ರಜೆಯಲ್ಲಿ ಅಲ್ಲೇ ನನ್ನ ಮರಗೆಲಸ. ಏಳು ವರ್ಷದ ಹಿಂದೆ ಒಂದು ದಿನ ಅಣ್ಣನ ತೋಟದಿಂದ ತಂದ ನೀಲಗಿರಿ ಹಲಗೆ ಸೀಳುತ್ತಿದ್ದೆ. ಮುಕ್ಕಾಲು ಭಾಗ ಸಲೀಸಾಗಿ ಹೋಯಿತು. ಆಮೇಲೆ ಮೋಟಾರಿನ ಸದ್ದು ಬದಲಾಯಿತು, ನರಳಿದ ಹಾಗೆ ಕೇಳಿತು. ಇನ್ನು ಸ್ವಲ್ಪ ತಾನೇ ಅಂತ ಇನ್ನಷ್ಟು ಒತ್ತಿದೆ. ಮುಂದಿನದು ಕಣ್ಣಿಗೆ ಕಾಣಲೇ ಇಲ್ಲ. ಹಲಗೆ ಹಾರಿ ಬಂದು ಹೊಕ್ಕುಳ ಪಕ್ಕಕ್ಕೆ ಬಡಿದು, ಅಲ್ಲಿಂದ ಸಿಡಿದು ಹಿಂದಿನ ಗೋಡೆಯ ಗಾರೆ ಕಿತ್ತಿತ್ತು. ಉಸಿರು ಕಟ್ಟಿ ನೆಲದ ಮೇಲೆ ಕೂತುಬಿಟ್ಟೆ. ಹಲಗೆ ಹಿಡಿದಿದ್ದ ಎಡಗೈ ಬ್ಲೇಡಿನ ಕಡೆ ಜಾರಿತ್ತು. ತೋರುಬೆರಳಿನ ಉಗುರು ತುದಿ ಮಾತ್ರ ಹೋಗಿತ್ತು. ಅರ್ಧ ಇಂಚು ಆಚೆ ಹೋಗಿದ್ದರೆ ಬೆರಳೇ ಇರುತ್ತಿರಲಿಲ್ಲ.

ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಯಾಕೆ ಆಗುತ್ತದೆ ಅನ್ನೋದು ಗೊತ್ತಾದರೆ ಯಾವ ಮಷೀನ್ ತಗೋಬೇಕು ಅನ್ನೋದೂ ಅರ್ಧ ಗೊತ್ತಾದ ಹಾಗೆ. ಟೇಬಲ್ ಸಾದಲ್ಲಿ ನಮ್ಮ ಕಡೆ ಇರುವ ಹಲ್ಲುಗಳು ಕೆಳಗೆ ಇಳಿಯುತ್ತಾ ಮರವನ್ನು ಮೇಜಿಗೆ ಅದುಮುತ್ತವೆ. ಅಲ್ಲಿ ತೊಂದರೆ ಇಲ್ಲ. ಆಚೆ ಬದಿಯ ಹಲ್ಲುಗಳು ಕೆಳಗಿನಿಂದ ಮೇಲೆ ಏಳುತ್ತವೆ. ಕುಯ್ದ ಸೀಳು ಅಲ್ಲಿ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿದರೆ, ಅಥವಾ ಮರ ಸ್ವಲ್ಪ ಓರೆಯಾಗಿ ಆ ಹಲ್ಲಿಗೆ ತಾಗಿದರೆ, ಹಲ್ಲು ಮರವನ್ನು ಎತ್ತಿ ನಮ್ಮ ಕಡೆಗೇ ಎಸೆಯುತ್ತದೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತಿಗಿಂತ ಜಾಸ್ತಿ ತಿರುಗುತ್ತದೆ, ಅದರ ಅಂಚಿನ ವೇಗ ಗಂಟೆಗೆ ಸುಮಾರು 200 ಕಿ.ಮೀ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ ಅನ್ನೋ ಮಾತೇ ಇಲ್ಲ. ನಮ್ಮ ಕಡೆ ಸಿಗುವ ನೀಲಗಿರಿಯಲ್ಲಂತೂ ಈ ಕಾಟ ಜಾಸ್ತಿ. ಅದರ ಕಾಂಡದೊಳಗೆ ಬೆಳೆಯುವಾಗಲೇ ಬಿಗಿತ ಕೂಡಿರುತ್ತದೆ, ಸೀಳಿದ ತಕ್ಷಣ ಹಲಗೆ ಒಂದೋ ಬಾಯಿ ಬಿಡುತ್ತದೆ, ಇಲ್ಲಾ ಮುಚ್ಚಿಕೊಳ್ಳುತ್ತದೆ. ಸರಿಯಾಗಿ ಒಣಗದ ಮರವೂ ಹಾಗೇ ಆಡುತ್ತದೆ.

ಅದನ್ನು ತಡೆಯೋಕೆ ಇರುವುದೇ ರೈವಿಂಗ್ ನೈಫ್. ಹೆಸರು ಚೂರಿ ಅಂತ ಇದ್ದರೂ ಅದು ಹರಿತ ಇಲ್ಲದ ಉಕ್ಕಿನ ತಗಡು, ಬ್ಲೇಡಿನ ಬೆನ್ನಿಗೆ ಅಂಟಿಕೊಂಡ ಹಾಗೆ ನಿಂತಿರುತ್ತದೆ. ಬ್ಲೇಡ್ ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಕುಯ್ದ ಸೀಳಿನೊಳಗೆ ನಿಂತು ಮರ ಮುಚ್ಚಿಕೊಳ್ಳದ ಹಾಗೆ, ಹಿಂದಿನ ಹಲ್ಲಿಗೆ ತಾಗದ ಹಾಗೆ ಕಾಯುತ್ತದೆ. ಇಷ್ಟೇ ಅದರ ಕೆಲಸ. ಮಾರ್ಬಲ್ ಕಟರ್ ಮೇಜಿನಲ್ಲಿ ಇದು ಇಲ್ಲ.

ಆ ಮೇಜಿನ ಇನ್ನೂ ಎರಡು ದೋಷ ಹೇಳಿಬಿಡುತ್ತೇನೆ. 4 ಇಂಚಿನ ಬ್ಲೇಡ್ ಕುಯ್ಯುವ ಆಳ ಮೂವತ್ತು ಮಿ.ಮೀ. ಚಿಲ್ಲರೆ, ಅದರಲ್ಲಿ ಮೇಜಿನ ಪ್ಲೈ ದಪ್ಪ ಕಳೆದರೆ 18 ಮಿ.ಮೀ. ಹಲಗೆಗೇ ಏದುಸಿರು ಬಿಡುತ್ತದೆ. ಎರಡನೆಯದು ಸ್ವಿಚ್ಚು. ಕಟರಿನ ಸ್ವಿಚ್ಚನ್ನು ಒತ್ತಿ ಲಾಕ್ ಮಾಡಿರುತ್ತೇವೆ, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ, ಕಾಫಿ ಕುಡಿದು ಬರೋಣ ಅಂತ ಒಳಗೆ ಹೋಗುತ್ತೇವೆ. ಕರೆಂಟ್ ಬಂದ ತಕ್ಷಣ ಅದು ತಾನಾಗೇ ತಿರುಗೋಕೆ ಶುರು. ಆಗ ಮೇಜಿನ ಹತ್ತಿರ ಮಗು ನಿಂತಿದ್ದರೆ? ನಿಜವಾದ ಟೇಬಲ್ ಸಾದಲ್ಲಿ ನೋ-ವೋಲ್ಟ್ ಸ್ವಿಚ್ ಇದ್ದರೆ ಕರೆಂಟ್ ಬಂದರೂ ನಾವು ಮತ್ತೆ ಒತ್ತುವ ತನಕ ಅದು ಅಲ್ಲಾಡುವುದಿಲ್ಲ. ನಮ್ಮೂರಲ್ಲಿ ಕರೆಂಟ್ ಹೋಗಿ ಬರೋದು ಗೊತ್ತೇ ಇದೆ, ಅಲ್ವಾ? ಕೊಳ್ಳುವಾಗ ಈ ಸ್ವಿಚ್ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ.

ಪೆಟ್ಟು ತಿಂದ ಮೇಲೆ ದುಡ್ಡು ಕೂಡಿಟ್ಟು 10 ಇಂಚಿನ, 1800 ವ್ಯಾಟಿನ ಮಷೀನ್ ಕೊಂಡೆ, ನಲವತ್ತು ಸಾವಿರ ದಾಟಿತು. ಅಂಗಡಿಯಲ್ಲಿ ಕಂಡದ್ದೇ ನನಗೆ ಇನ್ನೂ ಬೇಸರ. ತೋರಿಸೋಕೆ ಇಟ್ಟಿದ್ದ ಮಷೀನಿನಲ್ಲಿ ಬ್ಲೇಡ್ ಮುಚ್ಚುವ ಗಾರ್ಡೂ ಇಲ್ಲ, ರೈವಿಂಗ್ ನೈಫೂ ಇಲ್ಲ. ಎಲ್ಲಿ ಅಂತ ಕೇಳಿದರೆ ‘ಬಾಕ್ಸಲ್ಲಿ ಇದೆ ಸಾರ್, ಅದನ್ನ ಯಾರೂ ಹಾಕಲ್ಲ, ಅಡ್ಡ ಬರುತ್ತೆ’ ಅಂದರು. ನಮ್ಮ ಕಾರ್ಖಾನೆಯಲ್ಲಿ ಗಾರ್ಡಿನ ಬಾಗಿಲು ಒಂದು ಬೆರಳು ತೆರೆದರೂ ಮಷೀನ್ ನಿಂತುಬಿಡುತ್ತದೆ. ಅದಕ್ಕೆ ನಾವು ಯಾರೂ ಗೊಣಗುವುದಿಲ್ಲ. ಅದೇ ನಾವು ಮನೆಗೆ ಬಂದು, ಪಕ್ಕದಲ್ಲಿ ಯಾರೂ ಇಲ್ಲದ ಕೊಟ್ಟಿಗೆಯಲ್ಲಿ, ಅಡ್ಡ ಬರುತ್ತದೆ ಅಂತ ಗಾರ್ಡ್ ಬಿಚ್ಚಿಡುವುದು ಯಾವ ನ್ಯಾಯ?

ರೈವಿಂಗ್ ನೈಫ್ ಅಡ್ಡ ಬರುವುದಕ್ಕೆ ಕಾರಣವೂ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ರೈವಿಂಗ್ ನೈಫಿನ ದಪ್ಪ ಬ್ಲೇಡಿನ ತಗಡಿಗಿಂತ ಜಾಸ್ತಿ ಇರಬೇಕು, ಹಲ್ಲು ಕುಯ್ಯುವ ಸೀಳಿಗಿಂತ ಕಡಿಮೆ ಇರಬೇಕು. ಜನ ಆಮೇಲೆ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತೆಳು ಬ್ಲೇಡ್ ತಂದು ಹಾಕುತ್ತಾರೆ, ಸೀಳು ಕಿರಿದಾಗಿ ಮರ ನೈಫಿಗೆ ಬಂದು ಸಿಕ್ಕಿಕೊಳ್ಳುತ್ತದೆ, ನೈಫನ್ನು ಬಯ್ದು ಕಿತ್ತು ಮೂಲೆಗೆ ಹಾಕುತ್ತಾರೆ. ತಪ್ಪು ಬ್ಲೇಡಿನದು. ನೈಫಿನ ಮೇಲೇ ಅದರ ದಪ್ಪ ಬರೆದಿರುತ್ತದೆ, ಓದಿಕೊಂಡು ಹೋಗಿ ಬ್ಲೇಡ್ ತನ್ನಿ. ನಡುವಿನ ತೂತನ್ನೂ ನೋಡಿ, ಕೆಲವು ಮಷೀನಿಗೆ 25.4 ಮಿ.ಮೀ., ಕೆಲವಕ್ಕೆ 30. ಹಲ್ಲಿನ ಲೆಕ್ಕ ಸುಲಭ: ಉದ್ದಕ್ಕೆ ಸೀಳುವುದಕ್ಕೆ 24 ಹಲ್ಲು, ಪ್ಲೈವುಡ್ ಅಂಚು ಸಿಬಿರು ಏಳಬಾರದು ಅಂದರೆ 60ಕ್ಕೆ ಮೇಲೆ, ಒಂದೇ ತಗೊಳ್ಳುವುದಾದರೆ 40.

ಮಷೀನ್ ಆರಿಸುವಾಗ ಎಲ್ಲರೂ ವ್ಯಾಟ್ ಕೇಳುತ್ತಾರೆ. ನಾನು ಫೆನ್ಸ್ ನೋಡಿ ಅನ್ನುತ್ತೇನೆ. ಮರ ಒರಗಿಸಿ ತಳ್ಳುವ ಉದ್ದನೆ ಪಟ್ಟಿ ಅದು. ಅಂಗಡಿಯಲ್ಲೇ ಪ್ಲಗ್ ಕಿತ್ತು, ಬ್ಲೇಡನ್ನು ಪೂರ್ತಿ ಎತ್ತಿಸಿ, ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಮಾಡಿ. ಆ ಹಲ್ಲು ಮುಂದೆ ಇದ್ದಾಗ ಅಲ್ಲಿಂದ ಫೆನ್ಸಿಗೆ ಎಷ್ಟು ದೂರ ಅಂತ ಅಳೆಯಿರಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಹಿಂದಿನ ಅಳತೆ ಕಡಿಮೆ ಬಂದರೆ ಮರ ಹೋಗ್ತಾ ಹೋಗ್ತಾ ಇಕ್ಕಟ್ಟಿಗೆ ಸಿಗುತ್ತದೆ ಅಂತ ಅರ್ಥ, ಮತ್ತೆ ಅದೇ ಕಿಕ್‌ಬ್ಯಾಕ್. ಆಮೇಲೆ ಫೆನ್ಸ್ ಲಾಕ್ ಮಾಡಿ ಅದರ ಆಚೆ ತುದಿಯನ್ನು ಕೈಯಲ್ಲಿ ಪಕ್ಕಕ್ಕೆ ಒತ್ತಿ ನೋಡಿ, ಅಲ್ಲಾಡಿದರೆ ಆ ಮಷೀನ್ ಬೇಡ. ಹತ್ತು ಸಲ ಸರಿಸಿ ಲಾಕ್ ಮಾಡಿದರೂ ಹತ್ತು ಸಲವೂ ನೆಟ್ಟಗೆ ನಿಲ್ಲಬೇಕು. ನಾನು ಹೀಗೆ ಮೂರು ಮಷೀನ್ ಅಳೆದೆ, ಅಂಗಡಿಯ ಹುಡುಗನಿಗೆ ಬೇಜಾರಾಯಿತು, ಆದರೂ ಬಿಡಲಿಲ್ಲ.

ವೈರಿಂಗ್ ಬಗ್ಗೆ ಒಂದೇ ಮಾತು. 1800 ವ್ಯಾಟ್ ಅಂದರೆ 8 ಆಂಪಿಯರ್ ಹತ್ತಿರ, ಸ್ಟಾರ್ಟ್ ಆಗುವಾಗ ಇನ್ನೂ ಜಾಸ್ತಿ. ಫ್ಯಾನು ದೀಪದ 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಬೇಡಿ, 16 ಆಂಪಿಯರ್ ಪಾಯಿಂಟ್ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಅಷ್ಟು ದುಡ್ಡು ಇಲ್ಲದವರು ಏನು ಮಾಡಬೇಕು ಅಂತ ನೀವು ಕೇಳಬಹುದು. ಟೇಬಲ್ ಸಾ ಇಲ್ಲದೆಯೇ ಶುರು ಮಾಡಲಿ. ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ. ದಿಮ್ಮಿ, ದಪ್ಪ ಹಲಗೆ ಇದ್ದರೆ ಸಾಮಿಲ್‌ನವರು ಸೀಳಿಕೊಡುತ್ತಾರೆ. ಎಂಟಡಿ ನಾಲ್ಕಡಿ ಪ್ಲೈ ಶೀಟನ್ನು ಕೆಲವು ಪ್ಲೈವುಡ್ ಅಂಗಡಿಯವರೇ ದೊಡ್ಡ ಮಷೀನಿನಲ್ಲಿ ಅಳತೆಗೆ ಕುಯ್ದು ಕೊಡುತ್ತಾರೆ, ಆ ಶೀಟನ್ನು ಒಬ್ಬರೇ ಮನೆಯಲ್ಲಿ ಸಣ್ಣ ಟೇಬಲ್ ಸಾ ಮೇಲೆ ತಳ್ಳೋದು ಹೇಗೂ ಆಗದ ಕೆಲಸ. ಮನೆಯಲ್ಲೇ ಕುಯ್ಯಬೇಕು ಅಂದರೆ ಕೈಯಲ್ಲಿ ಹಿಡಿದು ಓಡಿಸುವ 7 ಇಂಚಿನ ಸರ್ಕ್ಯುಲರ್ ಸಾ ತಗೊಂಡು, ನೆಟ್ಟಗಿರುವ ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ ಅದರ ಪಕ್ಕದಲ್ಲಿ ಓಡಿಸಿದರೆ ಸಾಕು. ಅದರ ಬ್ಲೇಡಿಗೆ ತಾನಾಗೇ ಮುಚ್ಚಿಕೊಳ್ಳುವ ಗಾರ್ಡ್ ಇರುತ್ತದೆ. ಕಬ್ಬಿಣ ಉಜ್ಜುವ ಆಂಗಲ್ ಗ್ರೈಂಡರಿಗೆ ಮರ ಕುಯ್ಯುವ ಬ್ಲೇಡ್ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಉಳಿದ ದುಡ್ಡಿನಲ್ಲಿ ಒಂದು ಒಳ್ಳೆ ಗರಗಸ, ಕಾಲು, ಅರ್ಧ, ಒಂದು ಇಂಚಿನ ಉಳಿಗಳು, ಒಂದು ಹತ್ತರಿ, ಮೂಲೆಮಟ್ಟ, ನಾಲ್ಕು ಕ್ಲ್ಯಾಂಪು, ಒಂದು ಡ್ರಿಲ್ ತಗೊಳ್ಳಿ. ಸಾಣೆಕಲ್ಲು ಮರೆಯಬೇಡಿ. ನಮ್ಮ ಬೀದಿಯಲ್ಲಿ ಮುಂಚೆ ಇದ್ದ ಆಚಾರ್ರು ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಕಾಲು ಗಂಟೆ ಬರೀ ಉಳಿ ಸಾಣೆ ಹಿಡಿಯುತ್ತಿದ್ದರು. ಆಮೇಲೆ ಮುಂಗೈ ಮೇಲಿನ ಕೂದಲಿಗೆ ಉಳಿ ತಾಗಿಸಿ ನೋಡುತ್ತಿದ್ದರು, ಕೂದಲು ಹೋದರೆ ಹದ ಬಂತು ಅಂತ. ಹಲಸಿನ ಮರದ ಮೇಲೆ ಅವರ ಹತ್ತರಿ ಓಡಿದರೆ ಹಳದಿ ಸುರುಳಿ ರಿಬ್ಬನ್ನಿನ ಹಾಗೆ ಎದ್ದು ಬರುತ್ತಿತ್ತು. ಕೈ ಸಾಮಾನಿನಲ್ಲಿ ಒಂದು ವರ್ಷ ಕೆಲಸ ಮಾಡಿದವನಿಗೆ ಮರ ಯಾವ ಕಡೆ ಬಾಗುತ್ತದೆ, ಎಳೆ ಯಾವ ಕಡೆ ಓಡುತ್ತದೆ ಅನ್ನೋದು ಕೈಗೇ ತಿಳಿಯುತ್ತದೆ. ಅಂಥವನು ಮಷೀನ್ ಮುಂದೆ ನಿಂತರೆ ಸದ್ದು ಬದಲಾದಾಗ ಒತ್ತುವುದಿಲ್ಲ, ಆಫ್ ಮಾಡುತ್ತಾನೆ.

ಟೇಬಲ್ ಸಾ ಈಗಾಗಲೇ ಮನೆಯಲ್ಲಿ ಇರುವವರಿಗೆ: ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಲ್ಲಿ. ಫೆನ್ಸಿಗೂ ಬ್ಲೇಡಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಇದ್ದರೆ ಕೈ ಹಾಕಬೇಡಿ, ತಳ್ಳುಗೋಲು ಹಿಡಿಯಿರಿ, ಪ್ಲೈ ಚೂರಿನಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಅಡ್ಡಕ್ಕೆ ತುಂಡು ಮಾಡುವಾಗ ಫೆನ್ಸನ್ನು ದೂರ ಸರಿಸಿ, ಇಲ್ಲದಿದ್ದರೆ ತುಂಡು ನಡುವೆ ಸಿಕ್ಕಿ ಹಾರುತ್ತದೆ. ಕೈಗವಸು ಬೇಡ. ಒಳ್ಳೇದು ಅಂತ ತುಂಬಾ ಜನ ಹಾಕುತ್ತಾರೆ, ಆದರೆ ಬ್ಲೇಡ್ ಅದರ ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲೂ ಬೇಡ. ಸಿದ್ಧಗಂಗೆ ಜಾತ್ರೆಯಲ್ಲಿ ಕಟ್ಟಿಕೊಂಡ ಕೈದಾರವನ್ನು ನಾನು ಕೆಲಸಕ್ಕೆ ಮುಂಚೆ ಬಿಚ್ಚಿ ದೇವರ ಮನೆಯಲ್ಲಿಟ್ಟು ಬರುತ್ತೇನೆ. ಮೂಗಿಗೆ ಒಳ್ಳೆ ಮಾಸ್ಕ್ ಬೇಕೇ ಬೇಕು. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ.

ಅಮೆರಿಕದ ಸ್ಟೀವ್ ಗ್ಯಾಸ್ ಎಂಬುವರು ಕಂಡುಹಿಡಿದ ಸಾಸ್ಟಾಪ್ ಮಷೀನಿನಲ್ಲಿ ಬೆರಳು ತಾಗಿದ ತಕ್ಷಣ, ಸೆಕೆಂಡಿನ ಇನ್ನೂರನೇ ಒಂದು ಪಾಲಿನಲ್ಲಿ ಬ್ಲೇಡ್ ನಿಂತುಬಿಡುತ್ತದೆ. ನಮ್ಮ ಕೊಟ್ಟಿಗೆಗಳಲ್ಲಿ ಇರುವ ಮಷೀನಿಗೆ ಅದು ಇಲ್ಲ. ನಮಗೆ ಇರುವುದು ಒಂದು ಗಾರ್ಡು, ಒಂದು ತಗಡು. ಅದನ್ನೂ ಬಾಕ್ಸಿನಲ್ಲಿ ಬಿಡಬೇಕಾ?

ನಿಮ್ಮಲ್ಲಿ ಎರಡು ಕೋರಿಕೆ. ಮರಗೆಲಸದ ಫೋಟೋ ಹಾಕುವಾಗ ಗಾರ್ಡ್ ಇಲ್ಲದ ಬ್ಲೇಡಿನ ಫೋಟೋ ದಯವಿಟ್ಟು ಹಾಕಬೇಡಿ. ಇನ್ನೊಂದು, ಆ ಹುಡುಗನಿಗೆ ಈ ಪತ್ರ ತಲುಪಿಸಿ. ನನ್ನ ವಿಳಾಸವನ್ನು ನಿಮ್ಮ ಕಚೇರಿಗೆ ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದೇನೆ. ಭಾನುವಾರ ಬೆಳಿಗ್ಗೆ ಅವನು ಮರ ತಗೊಂಡು ನಮ್ಮ ಮನೆಗೆ ಬರಲಿ, ಸೀಳಬೇಕಾದದ್ದನ್ನೆಲ್ಲ ನನ್ನ ಮಷೀನಿನಲ್ಲಿ ಸೀಳಿಕೊಂಡು ಹೋಗಲಿ. ಅವನಿಗೆ ಅಂತ ಒಂದು ತಳ್ಳುಗೋಲು ಮಾಡಿ ಇಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗ
ಕ್ಯಾತಸಂದ್ರ, ತುಮಕೂರು