ಲಿನನ್ ರೂಮಿಗೆ ಒಂದು ವರ್ಷ: ಕೆಲಸ ಕೊಟ್ಟವರಿಗೆ, ಜೊತೆ ನಿಂತವರಿಗೆ

ಕಳೆದ ಸೋಮವಾರಕ್ಕೆ ನನ್ನ ಮಗ ಕೆಲಸಕ್ಕೆ ಸೇರಿ ಸರಿಯಾಗಿ ಒಂದು ವರ್ಷವಾಯಿತು. ಅವನಿಗೆ ಈಗ 25. ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಮೈಸೂರಿನ ಒಂದು ಹೋಟೆಲಿನ ಲಿನನ್ ರೂಮಿನಲ್ಲಿ, ಅಂದರೆ ಬೆಡ್‌ಶೀಟ್, ಟವೆಲ್ ಇಡುವ ಕೋಣೆಯಲ್ಲಿ ಕೆಲಸ. ಬೆಳಿಗ್ಗೆ 9ಕ್ಕೆ ಹೋದರೆ ಸಂಜೆ 5ಕ್ಕೆ ಬಿಡುತ್ತಾರೆ. ವಾರಕ್ಕೊಂದು ರಜೆ. ಅದೇ ಕೆಲಸ ಮಾಡುವ ಬೇರೆಯವರಿಗೆ ಎಷ್ಟು ಸಂಬಳವೋ ಅವನಿಗೂ ಅಷ್ಟೇ.

ಇದಕ್ಕೆ ಕಾರಣರಾದ ಎಲ್ಲರನ್ನೂ ಕಂಡು ಕೈಮುಗಿದಿದ್ದೇನೆ. ಒಂದೊಂದು ಡಬ್ಬಿ ಮೈಸೂರು ಪಾಕ್ ಕೊಟ್ಟು ಬಂದಿದ್ದೇನೆ. ಆದರೂ ಮನಸ್ಸು ತುಂಬಲಿಲ್ಲ. ಹತ್ತು ಜನರ ಎದುರು ಹೇಳಬೇಕು ಅನಿಸಿತು. ಹೋಟೆಲಿನವರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮಗನಿಗೆ ಮೂರು ವರ್ಷವಾದರೂ ಮಾತು ಬಂದಿರಲಿಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಅಂದರೆ ಮೈಸೂರಿನವರೆಲ್ಲ 'ಸ್ಪೀಚ್ ಅಂಡ್ ಹಿಯರಿಂಗ್' ಅನ್ನುವ ಜಾಗಕ್ಕೆ, ವರ್ಷಗಟ್ಟಲೆ ಎತ್ತಿಕೊಂಡು ಓಡಾಡಿದ್ದೇನೆ. ಅಲ್ಲಿನ ಥೆರಪಿಯಲ್ಲೇ ಅವನು 'ಅಮ್ಮ' ಅಂದಿದ್ದು. ಆಮೇಲೆ ವಿಶೇಷ ಶಾಲೆ. ಶಾಲೆ ಇರುವವರೆಗೆ ಬೆಳಿಗ್ಗೆ ಎದ್ದು ಹೊರಡುವುದಕ್ಕೆ ಒಂದು ಜಾಗ ಇತ್ತು. 18 ತುಂಬಿದ ಮೇಲೆ ಅದೂ ಇಲ್ಲ. ಐದಾರು ವರ್ಷ ಮನೆಯಲ್ಲೇ ಕೂತ. ಟಿವಿ, ಊಟ, ನಿದ್ದೆ. ಮಾತು ಕಡಿಮೆಯಾಯಿತು, ತೂಕ ಜಾಸ್ತಿಯಾಯಿತು. ಇಂಥ ಮಕ್ಕಳನ್ನು ಸಾಕಿದ ಯಾರನ್ನು ಕೇಳಿದರೂ ಇದೇ ಕಥೆ ಹೇಳುತ್ತಾರೆ.

ನಡುವೆ ಒಂದು ಕೆಲಸ ಸಿಕ್ಕಿತ್ತು. ಪರಿಚಯದವರ ಅಂಗಡಿ. ಒಳ್ಳೆಯ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಮಗನನ್ನು ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಕಾಫಿ ಕೊಡುತ್ತಿದ್ದರು, ತಿಂಡಿ ಕೊಡುತ್ತಿದ್ದರು. ತಿಂಗಳ ಕೊನೆಗೆ ಕೈಗೆ ಒಂದಷ್ಟು ದುಡ್ಡನ್ನೂ ಕೊಡುತ್ತಿದ್ದರು. ಮೂರನೇ ತಿಂಗಳು ಒಂದು ಬೆಳಿಗ್ಗೆ ಅವನು ಹೊರಡಲೇ ಇಲ್ಲ. ಚಪ್ಪಲಿ ಹಾಕಿಕೊಳ್ಳದೆ ಬಾಗಿಲಲ್ಲಿ ನಿಂತುಬಿಟ್ಟ. ಯಾಕೋ ಅಂತ ಕೇಳಿದೆ. "ಅಲ್ಲಿ ಕೆಲಸ ಇಲ್ಲ ಅಮ್ಮ" ಅಂದ.

ಆ ಮಾತು ಎದೆಗೆ ನಾಟಿತು. ನಾನು ಮೂರು ತಿಂಗಳಿಂದ ಮಗ ಕೆಲಸಕ್ಕೆ ಹೋಗುತ್ತಾನೆ ಅಂತ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆ. ಅದು ಕೆಲಸ ಅಲ್ಲ ಅಂತ ಅವನಿಗೆ ಗೊತ್ತಿತ್ತು.

ಆಮೇಲೆ ನಾವು ಒಂಬತ್ತು ಮನೆಯವರು ಸೇರಿದೆವು. ವಿಶೇಷ ಶಾಲೆಯ ಜಗುಲಿಯಲ್ಲಿ ಮಕ್ಕಳಿಗಾಗಿ ಕಾಯುತ್ತಾ ಪರಿಚಯವಾದವರೇ ಎಲ್ಲರೂ. ಭಾನುವಾರ ಕೂತು ಪಟ್ಟಿ ಮಾಡುವುದು, ವಾರವಿಡೀ ಇಬ್ಬಿಬ್ಬರಾಗಿ ಹೊರಡುವುದು. ಬೇಕರಿ, ಹೋಟೆಲು, ಹೆಬ್ಬಾಳದ ಕೈಗಾರಿಕಾ ಪ್ರದೇಶದ ಸಣ್ಣಪುಟ್ಟ ಫ್ಯಾಕ್ಟರಿಗಳು, ಸೂಪರ್ ಮಾರ್ಕೆಟ್ಟು, ನರ್ಸರಿ. 40ಕ್ಕೂ ಹೆಚ್ಚು ಕಡೆ ಹತ್ತಿ ಇಳಿದೆವು. ಎಲ್ಲರೂ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು. "ಪಾಪ" ಅಂದರು. ಕೆಲವರು ದೇಣಿಗೆ ಕೊಡಲು ಬಂದರು. ಕೆಲಸ ಮಾತ್ರ ಯಾರೂ ಕೊಡಲಿಲ್ಲ.

ನಮ್ಮ ದಾರಿ ತಿರುಗಿಸಿದವರು ಒಬ್ಬ ನಿವೃತ್ತ ಫ್ಯಾಕ್ಟರಿ ಮ್ಯಾನೇಜರ್. ನಮ್ಮಲ್ಲೊಬ್ಬರ ಪಕ್ಕದ ಮನೆಯವರು. ಒಂದು ದಿನ ನಮ್ಮ ಜೊತೆ ಸುಮ್ನೆ ಬಂದು ಕೂತಿದ್ದರು. ಹೊರಗೆ ಬಂದ ಮೇಲೆ ಹೇಳಿದರು: "ನೀವು ಅವರಿಗೆ ನಿಮ್ಮ ಮಕ್ಕಳ ಕಷ್ಟ ಹೇಳುತ್ತೀರಿ. ಅವರ ಕಷ್ಟ ಏನು ಅಂತ ಕೇಳಲೇ ಇಲ್ಲ. ಎಲ್ಲಾ ಕಡೆ ಯಾವುದೋ ಒಂದು ಕೆಲಸ ದಿನಾ ಹಾಗೇ ಉಳಿದುಹೋಗುತ್ತಿರುತ್ತದೆ. ಅದು ಯಾವುದು ಕೇಳಿ." ಸಾರ್, ನಿಮ್ಮ ಋಣ ದೊಡ್ಡದು. ಅವತ್ತಿನಿಂದ ನಾವು "ನಮ್ಮ ಮಕ್ಕಳಿಗೆ ಕೆಲಸ ಕೊಡಿ" ಅಂತ ಕೇಳುವುದನ್ನು ಬಿಟ್ಟೆವು. "ನಿಮ್ಮಲ್ಲಿ ಯಾವ ಕೆಲಸಕ್ಕೆ ಕೈ ಸಾಲುತ್ತಿಲ್ಲ?" ಅಂತ ಕೇಳಲು ಶುರು ಮಾಡಿದೆವು. ಕೇಳಿದ ತಕ್ಷಣ ಎದುರಿಗಿದ್ದವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಮಾತಾಡುತ್ತಿದ್ದರು.

ನಮಗಿಂತ ಮುಂಚೆ ಈ ದಾರಿಯಲ್ಲಿ ನಡೆದವರಿಗೂ ಇಲ್ಲೇ ನಮಸ್ಕಾರ ಹೇಳಬೇಕು. ಬೆಂಗಳೂರಿನ ಎನೇಬಲ್ ಇಂಡಿಯಾದವರು 1999ರಿಂದ ವಿಕಲಚೇತನರಿಗೆ ಕೆಲಸ ಕೊಡಿಸುವುದನ್ನೇ ತಮ್ಮ ಕೆಲಸ ಮಾಡಿಕೊಂಡಿದ್ದಾರೆ. ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಎಸ್‌ಎಪಿ ಅನ್ನುವ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಶುರು ಮಾಡಿದ ಯೋಜನೆಯ ಮೊದಲ ಪ್ರಯೋಗಗಳಲ್ಲಿ ಬೆಂಗಳೂರಿನದೂ ಒಂದು. "ಅದೆಲ್ಲ ದೊಡ್ಡ ಕಂಪನಿಗಳ ಮಾತು ಬಿಡಿ" ಅಂತ ಒಬ್ಬ ಮಾಲೀಕರು ಅಂದಾಗ ನಾವು ವಿಕಲಚೇತನರೇ ಕೆಲಸ ಮಾಡುವ ಮಿಟ್ಟಿ ಕೆಫೆಯ ಕಥೆ ಹೇಳುತ್ತಿದ್ದೆವು. ಅದು 2017ರಲ್ಲಿ ಹುಬ್ಬಳ್ಳಿಯ ಒಂದು ಕಾಲೇಜಿನ ಆವರಣದಲ್ಲಿ ಶುರುವಾಗಿದ್ದು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಳಗೇ ಅವರ ಕೆಫೆ ತೆರೆಯಿತು, ಉದ್ಘಾಟಿಸಿದ್ದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಆ ಸುದ್ದಿಯ ಫೋಟೋ ನನ್ನ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ಮಾತು ಬಾರದೆ ಹೋದಾಗ ಅದನ್ನು ತೋರಿಸುತ್ತಿದ್ದೆ.

ಈಗ ಹೋಟೆಲಿನ ವಿಷಯ.

ನಾವು ಕೇಳಿದ ಪ್ರಶ್ನೆಗೆ ಅಲ್ಲಿನ ಹೌಸ್‌ಕೀಪಿಂಗ್ ಮೇಡಂ ಒಂದು ನಿಮಿಷವೂ ಯೋಚಿಸಲಿಲ್ಲ. "ಟವೆಲ್" ಅಂದರು. ಲಾಂಡ್ರಿಯಿಂದ ಬಟ್ಟೆ ಬರುತ್ತದೆ, ರೂಮ್ ಬಾಯ್‌ಗಳು ಅವಸರದಲ್ಲಿ ಸಿಕ್ಕಿದ್ದನ್ನು ಎಳೆದುಕೊಂಡು ಹೋಗುತ್ತಾರೆ. ಸಿಂಗಲ್ ಬೆಡ್‌ಶೀಟ್ ಡಬಲ್ ರೂಮಿಗೆ ಹೋಗುತ್ತದೆ, ಕಲೆ ಇರುವ ದಿಂಬಿನ ಕವರ್ ಗಿರಾಕಿಯ ಮಂಚದ ಮೇಲೆ ಬೀಳುತ್ತದೆ, ಕೈ ಒರೆಸುವ ಟವೆಲ್ ಲೆಕ್ಕಕ್ಕೇ ಸಿಗುವುದಿಲ್ಲ. ದಿನಾ ಅದಕ್ಕೇ ಜಗಳ. ವಿಂಗಡಿಸಿ, ಕಲೆ ನೋಡಿ, ಎಣಿಸಿ ಇಡುವುದು ಎಲ್ಲರ ಕೆಲಸ, ಹಾಗಾಗಿ ಯಾರ ಕೆಲಸವೂ ಅಲ್ಲ. ಅಷ್ಟನ್ನೇ ಬೇರೆ ತೆಗೆದು ಒಬ್ಬರ ಕೆಲಸ ಮಾಡೋಣ ಅಂತ ಅವರೇ ಹೇಳಿದರು.

ಮೊದಲ ಆರು ವಾರ ಜಾಬ್ ಕೋಚ್, ಅಂದರೆ ಜೊತೆಗಿದ್ದು ಕೆಲಸ ಕಲಿಸುವವರು, ಅವನ ಪಕ್ಕದಲ್ಲೇ ಇದ್ದರು. ವಿಶೇಷ ಶಾಲೆಯಲ್ಲಿ ಪಾಠ ಹೇಳಿದ ಟೀಚರೇ ಅವರು. ಇಡೀ ಕೆಲಸವನ್ನು 14 ಹೆಜ್ಜೆ ಮಾಡಿ, ಒಂದೊಂದಕ್ಕೂ ಫೋಟೋ ತೆಗೆದು ಗೋಡೆಗೆ ಅಂಟಿಸಿದರು. ರ‍್ಯಾಕಿಗೆ ನೀಲಿ ಟೇಪು ಅಂದರೆ ಸಿಂಗಲ್, ಹಳದಿ ಅಂದರೆ ಡಬಲ್. ಕಲೆ ಇದ್ದದ್ದು ಕೆಂಪು ಬುಟ್ಟಿಗೆ. ಮಗ ಹತ್ತರವರೆಗೆ ಚೆನ್ನಾಗಿ ಎಣಿಸುತ್ತಾನೆ, ಆಮೇಲೆ ತಪ್ಪುತ್ತಾನೆ. ಟೀಚರ್ ಅದಕ್ಕೂ ದಾರಿ ಕಂಡುಕೊಂಡರು. ಹತ್ತು ಟವೆಲ್ ಆದ ತಕ್ಷಣ ದಾರ ಕಟ್ಟಿ ಒಂದು ಕಟ್ಟು, ಕಟ್ಟಿಗೊಂದು ಬಟ್ಟೆ ಕ್ಲಿಪ್ಪು ಹಲಗೆಗೆ. ಸಂಜೆ ಮೇಡಂ ಕ್ಲಿಪ್ಪು ನೋಡಿದರೆ ಲೆಕ್ಕ ಸಿಗುತ್ತದೆ. ಎರಡನೇ ವಾರ ನಾನು ನೋಡಲು ಹೋಗಿದ್ದೆ. ದಿಂಬಿನ ಕವರನ್ನು ಕಿಟಕಿಯ ಬೆಳಕಿಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೂಲೆ ಮೂಲೆ ನೋಡಿ, ಒಂದು ಸಣ್ಣ ಕಾಫಿ ಕಲೆ ಹಿಡಿದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೆಂಪು ಬುಟ್ಟಿಗೆ ಹಾಕಿ ಇನ್ನೊಂದು ಎತ್ತಿಕೊಂಡ. ನಾನು ಕಾರಿಡಾರಿನಲ್ಲಿ ನಿಂತು ಅತ್ತೆ. ಟೀಚರ್, ನಿಮ್ಮ ಹೊಟ್ಟೆ ತಣ್ಣಗಿರಲಿ.

ಮೂರನೇ ತಿಂಗಳು ಒಂದು ದಿನ ಫೋನ್ ಬಂತು, ಬೇಗ ಬನ್ನಿ ಅಂತ. ಹೋಗಿ ನೋಡಿದರೆ ಮಗ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಸುತ್ತ ಬಟ್ಟೆ ಚೆಲ್ಲಾಡಿತ್ತು. ದಸರಾ ಹತ್ತಿರ ಬಂದಿತ್ತು, ರೂಮುಗಳೆಲ್ಲ ಭರ್ತಿ, ಜಾಗ ಸಾಲದು ಅಂತ ರಾತ್ರಿ ಯಾರೋ ರ‍್ಯಾಕುಗಳನ್ನು ಅದಲುಬದಲು ಮಾಡಿದ್ದರು. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಕ್ಷಮೆ ಕೇಳಲು ಬಾಯಿ ತೆರೆದೆ. ಮೇಡಂ ನನ್ನನ್ನು ತಡೆದು, "ಹೇಳದೆ ಬದಲಾಯಿಸಿದ್ದು ನಾವು. ನನ್ನ ಟೇಬಲ್ ಹೀಗೆ ಮಾಡಿದರೆ ನನಗೂ ಸಿಟ್ಟು ಬರುತ್ತಿತ್ತು" ಅಂದರು. ಆವತ್ತು ಮಧ್ಯಾಹ್ನವೇ ರ‍್ಯಾಕು ವಾಪಸ್ ಬಂದವು. ಅಂದಿನಿಂದ ಏನಾದರೂ ಬದಲಾಯಿಸಬೇಕಾದರೆ ಹಿಂದಿನ ದಿನವೇ ಅವನಿಗೆ ತೋರಿಸಿ ಹೇಳುತ್ತಾರೆ. ಈಗ ಇದು ಎಲ್ಲಾ ಕೆಲಸಗಾರರಿಗೂ ಒಳ್ಳೆಯದಾಗಿದೆ ಅಂತ ಅವರೇ ಹೇಳಿದರು. ಆ ದಸರಾದ ಹತ್ತು ದಿನವೂ ನನ್ನ ಮಗ ಒಂದು ದಿನ ರಜೆ ಹಾಕಲಿಲ್ಲ.

ನಮ್ಮ ಒಂಬತ್ತರಲ್ಲಿ ಈಗ ಏಳು ಜನ ಕೆಲಸದಲ್ಲಿದ್ದಾರೆ. ಆಟಿಸಂ ಇರುವ ಒಬ್ಬ ಹುಡುಗಿ ಅಗರಬತ್ತಿ ಫ್ಯಾಕ್ಟರಿಗೆ ಸೇರಿದಳು. ಮೊದಲ ದಿನವೇ ಆ ಘಾಟು ವಾಸನೆ ತಡೆಯಲಾಗದೆ ಹೊರಗೆ ಓಡಿ ಬಂದಳು. ಮಾಲೀಕರು "ಆಗಲ್ಲ" ಅನ್ನಬಹುದಿತ್ತು. ಅವರು ಅವಳನ್ನು ಹಿಂದಿನ ಕಟ್ಟಡಕ್ಕೆ, ಖಾಲಿ ಡಬ್ಬಿಗಳಿಗೆ ಲೇಬಲ್ ಅಂಟಿಸುವ ಕಡೆಗೆ ಕಳಿಸಿದರು. ಅಲ್ಲಿ ವಾಸನೆ ಇಲ್ಲ, ಗಲಾಟೆ ಇಲ್ಲ. ಎಂಟು ತಿಂಗಳಿಂದ ಅಲ್ಲೇ ಇದ್ದಾಳೆ. ಬೇಕರಿಗೆ ಸೇರಿದ ಹುಡುಗ ಎರಡೇ ವಾರಕ್ಕೆ ಬಿಟ್ಟ, ಓವನ್ನಿನ ಬಿಸಿ ಅವನಿಗೆ ಆಗಲಿಲ್ಲ. ಆ ಬೇಕರಿಯವರಿಗೂ ನಮ್ಮ ನಮಸ್ಕಾರ. ತಮ್ಮ ಪರಿಚಯದ ನರ್ಸರಿಗೆ ಅವನನ್ನು ಸೇರಿಸಿದವರು ಅವರೇ.

ಇವರೆಲ್ಲರ ಉಪಕಾರ ಯಾಕೆ ದೊಡ್ಡದು ಅಂತ ಹೇಳುತ್ತೇನೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಸರ್ಕಾರಿ ಕೆಲಸಕ್ಕೆ 3% ಮೀಸಲಾತಿ ಇತ್ತು, ಆದರೆ ನಮ್ಮ ಮಕ್ಕಳು ಅದರಲ್ಲಿ ಇರಲೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಅದು 4% ಆಯಿತು. ಆಟಿಸಂ, ಬೌದ್ಧಿಕ ವಿಕಲತೆ ಇರುವವರ ಹೆಸರು ಮೊದಲ ಸಲ ಮೀಸಲಾತಿಯ ಪಟ್ಟಿಗೆ ಬಂತು. ಖಾಸಗಿಯವರಿಗೆ ಮಾತ್ರ ಅಂಥ ಮೀಸಲಾತಿಯ ಕಡ್ಡಾಯ ಇಲ್ಲ. ನೂರಕ್ಕೆ ಐದು ಜನರನ್ನಾದರೂ ತೆಗೆದುಕೊಳ್ಳುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಅಂತ ಇದೆ, ಅಷ್ಟೇ. 2011ರ ಜನಗಣತಿಯಲ್ಲಿ ಬೌದ್ಧಿಕ ವಿಕಲತೆ ಇದೆ ಅಂತ ಬರೆಸಿದವರೇ ದೇಶದಲ್ಲಿ 15 ಲಕ್ಷ ಜನ. ಅಷ್ಟೂ ಜನಕ್ಕೆ ಸರ್ಕಾರಿ ಕೆಲಸ ಎಲ್ಲಿಂದ ಬರಬೇಕು? ಯಾರೂ ಬಲವಂತ ಮಾಡದೆ, ಒಬ್ಬ ಹೋಟೆಲಿನವರು, ಒಬ್ಬ ಅಗರಬತ್ತಿಯವರು, ಒಬ್ಬ ನರ್ಸರಿಯವರು ಬಾಗಿಲು ತೆರೆದರು.

ಕಾಗದಪತ್ರದಲ್ಲಿ ಕೈಹಿಡಿದವರೂ ಇದ್ದಾರೆ. ಸಂಬಳದ ಖಾತೆ ತೆರೆಯಲು ಒಂದು ಬ್ಯಾಂಕಿನವರು ನಮ್ಮನ್ನು ಮೂರು ಸಲ ವಾಪಸ್ ಕಳಿಸಿದರು. ಅವನಿಗೆ ಸಹಿ ಮಾಡಲು ಬರುತ್ತದೆ ಅಂದರೂ ಕೇಳಲಿಲ್ಲ. ಹೋಟೆಲಿನ ಅಕೌಂಟೆಂಟ್ ತಾವೇ ಇನ್ನೊಂದು ಬ್ಯಾಂಕಿಗೆ ಬಂದು, ಅವನ ಪಕ್ಕ ನಿಂತು ಖಾತೆ ತೆರೆಸಿದರು. ಇಎಸ್‌ಐಗೆ, ಅಂದರೆ ಕೆಲಸಗಾರರ ಆರೋಗ್ಯ ವಿಮೆಗೆ, ತಿಂಗಳ ಸಂಬಳದ ಮಿತಿ ಬೇರೆಯವರಿಗೆ 21,000, ವಿಕಲಚೇತನರಿಗೆ 25,000 ಅನ್ನುವುದನ್ನೂ ನನಗೆ ಅವರೇ ಹೇಳಿಕೊಟ್ಟಿದ್ದು. ಈಗ ಅವನ ಜೇಬಿನಲ್ಲಿ ಇಎಸ್‌ಐ ಕಾರ್ಡು ಇದೆ.

ಕುವೆಂಪುನಗರದಿಂದ ಹೊರಡುವ ಬಸ್ಸಿನ ಕಂಡಕ್ಟರ್ ಅಣ್ಣನಿಗೆ, ಮೊದಲ ತಿಂಗಳು ಇಳಿಯುವ ಜಾಗ ಬಂದಾಗಲೆಲ್ಲ ಕೂಗಿ ಹೇಳಿದ್ದಕ್ಕೆ. ಲಿನನ್ ರೂಮಿನ ಆ ಹುಡುಗನಿಗೆ, ಕೇಳದೇನೇ ಮಧ್ಯಾಹ್ನ ಡಬ್ಬಿ ತೆಗೆದು ನನ್ನ ಮಗನ ಪಕ್ಕ ಕೂತಿದ್ದಕ್ಕೆ. ಅವನ ಮನೆಯ ಉಪ್ಪಿನಕಾಯಿ ರುಚಿ ಈಗ ನನಗೂ ಗೊತ್ತು.

ಕಳೆದ ತಿಂಗಳು ಆ ಹುಡುಗನ ಅಕ್ಕನ ಮದುವೆ ನಂಜನಗೂಡಿನಲ್ಲಿ ಇತ್ತು. ಹೋಟೆಲಿನವರೆಲ್ಲ ವ್ಯಾನು ಮಾಡಿಕೊಂಡು ಹೊರಟರು. ನನ್ನನ್ನು ಯಾರೂ ಕರೆದಿರಲಿಲ್ಲ, ಕರೆದದ್ದು ಅವನನ್ನು. ಹಿಂದಿನ ರಾತ್ರಿ ಪಂಚೆ, ಬಿಳಿ ಶರ್ಟು ತಾನೇ ಮಡಚಿ ಇಟ್ಟುಕೊಂಡ. ಮುಯ್ಯಿಗೆ ಅಂತ ತನ್ನ ಸಂಬಳದಿಂದ ನೂರೊಂದು ರೂಪಾಯಿ ತೆಗೆದು ಕವರಿಗೆ ಹಾಕಿದ. ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ, ಕವರಿನ ಮೇಲೆ ತನ್ನ ಹೆಸರು ಬರೆದ. ಅದರ ಕೆಳಗೆ, ನಾನು ಹೇಳಿಕೊಡದೇನೇ, 'ಲಿನನ್ ರೂಮ್' ಅಂತ ಬರೆದ.