ಬೂಟಿನ ಜೊತೆಗೊಂದು ಪತ್ರ

ಜಮಖಂಡಿ, ಗುರುವಾರ ರಾತ್ರಿ

ತಾಯಿ,

ನಿನ್ನ ಬೂಟುಗಳನ್ನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟವನು ನಾನು. ನೀನು ಸುಮ್ಮನೆ ಅವ್ವನ ಮೇಲೆ ಸಿಟ್ಟಾಗಿ, ಚಪ್ಪಲಿ ಮೆಟ್ಟಿಕೊಂಡೇ ವಿಜಯಪುರದ ಮೊದಲ ಬಸ್ಸು ಹತ್ತಿದೆ. ಅಂಗಳದಲ್ಲಿ ಯಾರು ಏನೆಂದರು ಎಂಬುದು ನಮ್ಮಿಬ್ಬರಿಗೂ ನೆನಪಿದೆ, ಓಣಿಗೂ ನೆನಪಿದೆ. ಅದು ಬೇಡ.

ನನ್ನ ತಲೆಯಲ್ಲಿ ಕುಳಿತಿರುವುದು ಬೇರೊಂದು ಮುಂಜಾವು. ನೀನು ಎಂಟನೆಯ ತರಗತಿಯಲ್ಲಿದ್ದೆ. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಬೆವರು ಬಂದರೆ ಜ್ವರ ತಾನೇ ಇಳಿಯುತ್ತದೆ ಎಂದು ಎಬ್ಬಿಸಿ ಕಾಲುವೆಯ ದಂಡೆಗೆ ಕರೆದೊಯ್ದೆ. ನೀನು ಮುಂದೆ, ಬೈಕಿನಲ್ಲಿ ನಾನು ಹಿಂದೆ. ಕಬ್ಬಿನ ಟ್ರ್ಯಾಕ್ಟರ್ ನಿಂತಿದ್ದ ಕಡೆ ನೀನು ಬಗ್ಗಿ ವಾಂತಿ ಮಾಡಿಕೊಂಡೆ. ತೋಳಿನಿಂದ ಬಾಯಿ ಒರೆಸಿಕೊಂಡು, ನನ್ನ ಮುಖ ನೋಡದೆ ಮತ್ತೆ ಓಡಿದೆ. ನಾನು ಗಡಿಯಾರ ನಿಲ್ಲಿಸಿರಲಿಲ್ಲ. ವಾಂತಿಯ ಹೊತ್ತೂ ಲೆಕ್ಕಕ್ಕೆ ಸೇರಿತು.

ಆ ಕತೆಯನ್ನು ಏಳು ವರ್ಷ ಚಹಾದ ಅಂಗಡಿಯಲ್ಲಿ ಮೀಸೆ ತಿರುವುತ್ತಾ ಹೇಳಿದ್ದೇನೆ. ಮೊನ್ನೆ ವೈದ್ಯರ ಮುಂದೆಯೂ ಹೇಳಿದೆ, ಮಗಳು ಎಂಥ ಗಟ್ಟಿ ಎಂದು ತೋರಿಸಲು. ಅವರು ಪೆನ್ನು ಕೆಳಗಿಟ್ಟರು. ವೈರಸ್ ಜ್ವರದಲ್ಲಿ ಕೆಲವೊಮ್ಮೆ ಹೃದಯದ ಸ್ನಾಯುವಿಗೇ ಉರಿಯೂತವಾಗುತ್ತದೆ, ಅಂಥ ಹೊತ್ತಿನಲ್ಲಿ ಓಡಿಸಿದರೆ ಜೀವಕ್ಕೇ ಅಪಾಯ ಎಂದರು. ನೀನು ಆಗ ಹೊರಗೆ ಎಕ್ಸ್‌ರೇ ಸರದಿಯಲ್ಲಿದ್ದೆ. ನಿನಗೆ ಇದನ್ನು ಹೇಳಿರಲಿಲ್ಲ.

ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ನಿನ್ನ ಅಜ್ಜನ ಗರಡಿಯಲ್ಲಿ ಮೈ ಬಿಸಿಯಿದ್ದವನನ್ನು ವಸ್ತಾದರು ಮಣ್ಣಿಗೆ ಇಳಿಸುತ್ತಿರಲಿಲ್ಲ. ಕೈ ಮುಟ್ಟಿ ನೋಡಿ ಮನೆಗೆ ಅಟ್ಟುತ್ತಿದ್ದರು. ನನ್ನನ್ನೂ ಅಟ್ಟಿದ್ದಾರೆ. ಅಷ್ಟು ತಿಳಿದವನು ಸ್ವಂತ ಮಗಳ ಹಣೆ ಮುಟ್ಟಿಯೂ ಎಬ್ಬಿಸಿದೆ.

ಆದ್ದರಿಂದ ಈಗ ನೀನು ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಇಟ್ಟುಕೊಂಡು, ಹೇಳಿದ ಎಂಟು ವಾರಗಳಲ್ಲಿ ಮೂರೇ ವಾರಕ್ಕೆ ಕದ್ದು ಓಡಿದಾಗ ನಾನು ಕೂಗಿದ್ದು ನಿನ್ನ ಮೇಲೋ, ನನ್ನ ಮೇಲೋ, ಗೊತ್ತಿಲ್ಲ. ಬೈದ ಮಾತು ತಪ್ಪು. ತಡೆದದ್ದು ತಪ್ಪಲ್ಲ.

ಓಡಿದಾಗ ಎಲುಬು ಗಟ್ಟಿಯಾಗುವುದಿಲ್ಲ, ಓಡಿ ಮಲಗಿದಾಗ ಆಗುತ್ತದೆ. ದೇಹ ಮೊದಲು ಸವೆದ ಎಲುಬನ್ನು ಕೆರೆದು ತೆಗೆಯುತ್ತದೆ, ಅದಕ್ಕೆ ಕೆಲವು ವಾರ ಸಾಕು. ಆ ಜಾಗದಲ್ಲಿ ಹೊಸದನ್ನು ಕಟ್ಟಲು ತಿಂಗಳುಗಳು ಬೇಕು. ನಡುವಿನ ದಿನಗಳಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ, ನೋವು ಹೋಗಿದ್ದರೂ. ನೋವಿಲ್ಲ ಎಂದು ನೀನು ಅಂಗಳದಲ್ಲಿ ಕುಣಿದು ತೋರಿಸಿದ್ದಕ್ಕೆ ಇದು ಉತ್ತರ.

ಇನ್ನೊಂದು ಮಾತು ಅಪ್ಪ ಬರೆಯುವಂಥದ್ದಲ್ಲ. ಆದರೆ ನಿನ್ನ ಅವ್ವ ಅಳುತ್ತಾಳೆಯೇ ಹೊರತು ಹೇಳುವುದಿಲ್ಲ. ಏಳು ತಿಂಗಳಿಂದ ನಿನ್ನ ಮುಟ್ಟು ನಿಂತಿದೆಯಂತೆ. ಹುಡುಗಿಯರಿಗೆ ತರಬೇತಿಯಲ್ಲಿ ಹಾಗೆ ಆಗುತ್ತದೆ, ಅನುಕೂಲವೇ ಆಯಿತು ಎಂದೆಯಂತೆ. ಅನುಕೂಲವಲ್ಲ, ಅವ್ವಾ. ಓಡುವಷ್ಟಕ್ಕೆ ತಕ್ಕಂತೆ ತಿನ್ನದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ, ಮೊದಲು ಮುಟ್ಟಿನಂಥದ್ದನ್ನೇ ನಿಲ್ಲಿಸುತ್ತದೆ. ಎಲುಬು ಕಾಯುವ ಹಾರ್ಮೋನು ಅದರ ಜೊತೆಗೇ ಇಳಿಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಇದಕ್ಕೊಂದು ಹೆಸರಿಟ್ಟಿದೆ, ಗಂಡುಹುಡುಗರಿಗೂ ಆಗುತ್ತದೆ ಎಂದಿದೆ. ಮೂರು ತಿಂಗಳು ತಪ್ಪಿದಾಗಲೇ ತೋರಿಸಬೇಕಿತ್ತು. ರೊಟ್ಟಿ ಒಂದೂವರೆ ಸಾಕು ಎನ್ನುವುದನ್ನು ಬಿಡು. ತೂಕ ಇಳಿದರೆ ವೇಗ ಹೆಚ್ಚುತ್ತದೆ ಎಂದು ಹೇಳುವವರು ನಾಳೆ ನಿನ್ನ ಪ್ಲಾಸ್ಟರಿಗೆ ದುಡ್ಡು ಕೊಡುವುದಿಲ್ಲ. ಬೆಳಿಗ್ಗೆ ಏಳುವ ಮುನ್ನ ನಾಡಿ ಎಣಿಸು. ಕೆಲವು ದಿನ ಸತತವಾಗಿ ಏರಿದ್ದರೆ ಅಂದು ಮಲಗು. ಮೊಬೈಲು ರಾತ್ರಿ ಹತ್ತಕ್ಕೆ ಆರಿಸು.

ನೋಡು, ಉಪದೇಶ ಬೇಡವೆಂದೇ ಕುಳಿತಿದ್ದೆ.

ನದಿಯ ಕಡೆಯ ನಮ್ಮ ಎರಡು ಎಕರೆ ನಿನಗೆ ಗೊತ್ತಲ್ಲ, ಬೆಳ್ಳಗೆ ಉಪ್ಪು ಎದ್ದದ್ದು. ಹಿಪ್ಪರಗಿ ಬ್ಯಾರೇಜಿನ ನೀರು ಬಂದ ಸಂಭ್ರಮದಲ್ಲಿ ವರ್ಷ ಬಿಡದೆ ಕಬ್ಬು ಹಾಕಿ, ಬೇಕಿಲ್ಲದಷ್ಟು ಹಾಯಿಸಿ ಸವಳು ಮಾಡಿದವನೂ ನಾನೇ. ಮಣ್ಣೂ ಎರಡು ವರ್ಷ ಏನೂ ಹೇಳಲಿಲ್ಲ, ಇಳುವರಿ ಕೊಟ್ಟಿತು.

ಐದು ಸಾವಿರ ಮೀಟರಿನ ಕೊನೆಯ ಸುತ್ತಿನಲ್ಲಿ ನೀನು ಇಬ್ಬರನ್ನು ಹಿಂದಿಕ್ಕಿದಾಗ ಪಕ್ಕದವನ ಟೊಪ್ಪಿಗೆಯನ್ನು ಗಾಳಿಗೆ ತೂರಿದ್ದೆ. ಅದು ಸುಳ್ಳಲ್ಲ. ಆದರೆ ಈಗ ಆ ಸುತ್ತನ್ನು ನೆನೆದರೂ ಕಣ್ಣಿಗೆ ಬರುವುದು ಟ್ರ್ಯಾಕ್ಟರಿನ ಪಕ್ಕ ಬಗ್ಗಿದ ನಿನ್ನ ಬೆನ್ನು.

ಬೂಟುಗಳನ್ನು ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಎಡಗಾಲಿನ ಹಿಮ್ಮಡಿ ಒಳಬದಿಗೆ ಬೆರಳು ಹೋಗುವಷ್ಟು ಸವೆದಿದೆ. ಹೊಸದು ಕೊಡಿಸೆಂದು ಯಾಕೆ ಕೇಳಲಿಲ್ಲ? ಒಳಗೆ ಅಂಟಿನ ಉಂಡೆ, ಅಗಸಿ ಚಟ್ನಿ ಇವೆ. ಜೋಳದ ಕಾಳೂ ಇರಬಹುದು, ಕೊಡವಿಕೋ. ಲೇಸುಗಳನ್ನು ಮಾತ್ರ ಬಿಚ್ಚಿ ನನ್ನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಎರಡನೆಯ ಸ್ಕ್ಯಾನಿಗೆ ಬಂದಾಗ ಕೊಡುತ್ತೇನೆ. ಇಪ್ಪತ್ತು ರೂಪಾಯಿಗೆ ಎಲ್ಲಾದರೂ ಸಿಗುತ್ತವೆ ಎಂದು ನನಗೂ ಗೊತ್ತು.

ನಿನ್ನ ಅಪ್ಪ